ಗುಡಿಯ ಪಕ್ಕದ ಮನೆಯವರು: ಬಾದಾಮಿ, ಐಹೊಳೆ, ಪಟ್ಟದಕಲ್ಲಿನ ಪ್ರವಾಸೋದ್ಯಮ ಯಾರಿಗಾಗಿ?

ನಮ್ಮ ಚಿಗವ್ವನ ಮನೆ ಮಲಪ್ರಭಾ ದಂಡೆಯ ಒಂದು ಊರಲ್ಲಿದೆ. ಹಿತ್ತಿಲ ಬಾಗಿಲು ತೆಗೆದು ಇಪ್ಪತ್ತು ಹೆಜ್ಜೆ ನಡೆದರೆ ಚಾಲುಕ್ಯರ ಕಾಲದ ಗುಡಿ. ಮನೆ ಮಣ್ಣಿನ ಮಾಳಿಗೆಯದು, ಅವಳ ಮಾವ ಕಟ್ಟಿಸಿದ್ದು. ಎರಡು ಮಳೆಗಾಲದಿಂದ ಪಡಸಾಲೆಯ ಮೂಲೆ ಸೋರುತ್ತಿದೆ, ಒಂದು ತೊಲೆ ಬಾಗಿದೆ. ತೊಲೆ ಬದಲಿಸಬೇಕು, ಮೇಲೆ ಹೊಸ ಮಣ್ಣು ಹಾಕಿಸಬೇಕು, ಇಷ್ಟೇ ಕೆಲಸ. ಆದರೆ ಗುಡಿಯಿಂದ ನೂರು ಮೀಟರ್ ಒಳಗಿರುವ ಮನೆಗೆ ಕೈ ಹಚ್ಚಬೇಕೆಂದರೆ ಪರವಾನಗಿ ಬೇಕು. ಹೋದ ವರ್ಷ ನಾನೇ ಅವಳ ಜೊತೆ ಒಂದು ಕಚೇರಿಗೆ ನಾಲ್ಕು ಸಲ ಹೋಗಿ ಬಂದೆ. ಮನೆಯ ಹಳೆಯ ಕಾಗದ, ಮನೆ ಪಟ್ಟಿ ಕಟ್ಟಿದ ರಸೀದಿ, ನಕಾಶೆ, ಫೋಟೊ. ಹೋದಾಗಲೆಲ್ಲ ಏನಾದರೂ ಒಂದು ಕಡಿಮೆ ಬೀಳುತ್ತಿತ್ತು. ಅಲ್ಲಿ ಯಾರೂ ಕೆಟ್ಟದಾಗಿ ಮಾತಾಡಲಿಲ್ಲ. ಆದರೆ ಕೆಲಸವೂ ಆಗಲಿಲ್ಲ.

ಅದೇ ಮನೆಯ ಕಟ್ಟೆ ಮೇಲೆ ಶನಿವಾರ, ರವಿವಾರ ಬಂದರೆ ಪ್ರವಾಸಿಗರು ಕೂರುತ್ತಾರೆ. ಬಿಸಿಲಿಗೆ ದಣಿದಿರುತ್ತಾರೆ, ನೀರು ಕೇಳುತ್ತಾರೆ. ಹೆಣ್ಣುಮಕ್ಕಳು ಮೆಲ್ಲಗೆ ಒಳಗೆ ಬಂದು, "ಇಲ್ಲಿ ಟಾಯ್ಲೆಟ್ ಎಲ್ಲಿದೆ ಅಮ್ಮಾ?" ಎನ್ನುತ್ತಾರೆ. ಚಿಗವ್ವ ಇಲ್ಲ ಎನ್ನುವವಳಲ್ಲ. ಮನೆಯದನ್ನೇ ತೋರಿಸುತ್ತಾಳೆ. ಮುಂದೆ ಅವರು ಗುಡಿ ನೋಡಿ, ಫೋಟೊ ತೆಗೆದು, ಕಾರು ಹತ್ತಿ ಹೋಗುತ್ತಾರೆ. ಊರಲ್ಲಿ ಉಳಿಯುವುದು ನೀರಿನ ಬಾಟಲಿ ಮತ್ತು ಕುರುಕಲು ತಿಂಡಿಯ ಪಾಕೀಟುಗಳು.

ಪರಂಪರೆ ಮತ್ತು ಪ್ರವಾಸೋದ್ಯಮದ ಚರ್ಚೆ ನಮ್ಮ ಕಡೆ ಯಾವಾಗಲೂ ಎರಡೇ ಪಕ್ಷವಾಗಿ ನಡೆಯುತ್ತದೆ. ಕಲ್ಲು ಉಳಿಯಬೇಕು ಎನ್ನುವವರದು ಒಂದು, ಜನ ಬರಬೇಕು ಎನ್ನುವವರದು ಇನ್ನೊಂದು. ಗುಡಿಯ ಪಕ್ಕದ ಮನೆಯಲ್ಲಿ ಇರುವವರನ್ನು ಯಾರೂ ಒಂದು ಪಕ್ಷ ಎಂದು ಎಣಿಸುವುದೇ ಇಲ್ಲ. ಅವರನ್ನು ಬಿಟ್ಟು ಮಾಡಿದ ಯಾವ ಸಮತೋಲನವೂ ಇಲ್ಲಿ ನಿಲ್ಲುವುದಿಲ್ಲ ಎನ್ನುವುದು ನನ್ನ ಮಾತು. ಯಾಕೆ ಅಂತ ಬಿಡಿಸಿ ಹೇಳುತ್ತೇನೆ.

ಮೊದಲು ಕಾನೂನು. ಪ್ರಾಚೀನ ಸ್ಮಾರಕಗಳ ಕಾಯ್ದೆ ಬಂದದ್ದು 1958ರಲ್ಲಿ. ರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಗಿನ 200 ಮೀಟರ್ ನಿಯಂತ್ರಿತ ಪ್ರದೇಶ ಎಂದು 1992ರ ಜೂನ್ 16ರಂದು ಅಧಿಸೂಚನೆ ಬಂತು. 2010ರ ತಿದ್ದುಪಡಿ ಅದನ್ನು ಕಾಯ್ದೆಯ ಒಳಗೇ ಸೇರಿಸಿ ಬಿಗಿ ಮಾಡಿತು. ಮೊದಲ ನೂರು ಮೀಟರಿನಲ್ಲಿ ಹೊಸ ಕಟ್ಟಡ ಇಲ್ಲವೇ ಇಲ್ಲ. 1992ರ ಆ ದಿನಕ್ಕಿಂತ ಮೊದಲೇ ಇದ್ದ ಮನೆಯಾದರೆ ದುರಸ್ತಿಗೆ ಅರ್ಜಿ ಹಾಕಬಹುದು. ಉಲ್ಲಂಘಿಸಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

ಬಯಲಲ್ಲಿ ಒಂಟಿಯಾಗಿ ನಿಂತ ಗುಡಿಗೆ ಈ ಅಳತೆ ಸರಿ. ಸುತ್ತ 300 ಮೀಟರ್ ಗೆರೆ ಎಳೆದರೆ ಸುಮಾರು 70 ಎಕರೆ ಆಗುತ್ತದೆ, ಹೊಲ ಇದ್ದರೆ ಇರಲಿ. ಆದರೆ ಐಹೊಳೆಯಲ್ಲಿ ನೂರಕ್ಕೂ ಹೆಚ್ಚು ಗುಡಿಗಳಿವೆ, ಅದೂ ಊರ ಓಣಿಗಳ ನಡುವೆ, ಹೊಲಗಳ ಬದುವಿನಲ್ಲಿ ಚದುರಿಕೊಂಡು. ಒಂದು ಗುಡಿಯ ಗೆರೆ ಮುಗಿಯುವ ಮೊದಲೇ ಇನ್ನೊಂದರ ಗೆರೆ ಶುರುವಾಗುತ್ತದೆ. ಇಂಥ ಊರಲ್ಲಿ ಮಗನ ಮದುವೆಯಾಯಿತು, ಒಂದು ಕೋಣೆ ಹೆಚ್ಚು ಬೇಕು ಎಂದರೆ ಏನು ಮಾಡಬೇಕು ಹೇಳಿ. ಕೆಲವರು ರಾತ್ರಿ ಕಟ್ಟುತ್ತಾರೆ. ಕಟ್ಟಿದ ಮೇಲೆ ಹೆದರಿಕೊಂಡು ಬದುಕುತ್ತಾರೆ. ಗುಡಿಯ ಬಗ್ಗೆ ಇದ್ದ ಪ್ರೀತಿ ಮೆಲ್ಲಗೆ ಸಿಟ್ಟಾಗುತ್ತದೆ. "ಈ ಗುಡಿ ಇರದಿದ್ದರೆ ನಾವು ಚೆನ್ನಾಗಿರುತ್ತಿದ್ದೆವು" ಎಂಬ ಮಾತನ್ನು ನಾನು ಕಿವಿಯಾರೆ ಕೇಳಿದ್ದೇನೆ. ಸ್ಮಾರಕಕ್ಕೆ ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿಲ್ಲ.

ಇನ್ನೊಂದು ವಿಷಯ ಬಹಳ ಮಂದಿಗೆ ಗೊತ್ತಿಲ್ಲ. ಕಾಯ್ದೆ ಯಾವುದನ್ನು ನಿರ್ಮಾಣ ಎಂದು ಕರೆಯುತ್ತದೆಯೋ, ಅದರಿಂದ ಕೆಲವನ್ನು ಹೊರಗಿಟ್ಟಿದೆ. ಚರಂಡಿ, ಸಾರ್ವಜನಿಕ ಶೌಚಾಲಯ, ಜನರಿಗೆ ಕುಡಿಯುವ ನೀರು, ವಿದ್ಯುತ್ ಇವುಗಳ ಕೆಲಸ ಆ ಪಟ್ಟಿಯಲ್ಲಿವೆ. ಅಂದರೆ ಸ್ಮಾರಕದ ಪಕ್ಕದ ಊರಲ್ಲಿ ಗಟಾರು ತುಂಬಿ ಹರಿಯುತ್ತಿದ್ದರೆ, ಹೆಣ್ಣುಮಕ್ಕಳಿಗೆ ಶೌಚಾಲಯ ಇಲ್ಲದಿದ್ದರೆ, ಕಾನೂನು ಅಡ್ಡ ಬಂತು ಎಂದು ಸುಮ್ನೆ ಕೈ ತೊಳೆದುಕೊಳ್ಳುವಂತಿಲ್ಲ. ಕಾನೂನಿನ ಬಿಗಿ ಚಿಗವ್ವನ ತೊಲೆಗೆ ತಟ್ಟುತ್ತದೆ. ಅದೇ ಕಾನೂನು ಬಿಟ್ಟುಕೊಟ್ಟ ಜಾಗದಲ್ಲಿ ಆಗಬೇಕಾದ ಕೆಲಸಕ್ಕೆ ಮಾತ್ರ ದಿಕ್ಕಿಲ್ಲ.

ತಿದ್ದುವ ಪ್ರಯತ್ನ ನಡೆದಿಲ್ಲವೆಂದಲ್ಲ. 2018ರ ಜನವರಿಯಲ್ಲಿ ಲೋಕಸಭೆ ಒಂದು ತಿದ್ದುಪಡಿ ಮಸೂದೆಗೆ ಒಪ್ಪಿಗೆ ಕೊಟ್ಟಿತು, ಆಮೇಲೆ ರಾಜ್ಯಸಭೆ ಅದನ್ನು ಆಯ್ಕೆ ಸಮಿತಿಗೆ ಕಳಿಸಿತು. ಅದರಲ್ಲಿ ಇದ್ದದ್ದು ಏನು? ಕೇಂದ್ರ ಸರ್ಕಾರದ ಹಣದಲ್ಲಿ ನಡೆಯುವ ಸಾರ್ವಜನಿಕ ಕಾಮಗಾರಿಗಳಿಗೆ ನಿಷೇಧಿತ ಪ್ರದೇಶದಲ್ಲೂ ಅವಕಾಶ ಕೊಡುವುದು. ಹೆದ್ದಾರಿಯಂಥ ಕೆಲಸಕ್ಕೆ ದಾರಿ ಬಿಡಿಸುವ ಯೋಚನೆ ಅದು. ನನಗೆ ಇದು ತಿರುವುಮುರುವಾಗಿ ಕಾಣುತ್ತದೆ. ಗುಡಿಗೆ ನಿಜವಾಗಿ ಪೆಟ್ಟು ಕೊಡುವುದು ಭಾರಿ ಯಂತ್ರ, ಭಾರಿ ವಾಹನ. ಒಂದು ಮಣ್ಣಿನ ಮಾಳಿಗೆಯಿಂದ ಏನಾದೀತು?

ಊರವರೇ ಗುಡಿಗೆ ಶತ್ರು ಎಂಬ ಭಾವನೆ ಎಲ್ಲಿಂದ ಬಂತೋ ಗೊತ್ತಿಲ್ಲ. ಐಹೊಳೆಯ ಗುಡಿಗಳ ಹೆಸರನ್ನೇ ನೋಡಿ. ಗೌಡರ ಗುಡಿ, ಅಂಬಿಗೇರ ಗುಡಿ, ಹುಚ್ಚಿಮಲ್ಲಿ ಗುಡಿ, ಹುಚ್ಚಪ್ಪಯ್ಯನ ಮಠ, ಲಾಡ್ ಖಾನ್ ಗುಡಿ. ಇವು ಕಟ್ಟಿಸಿದ ರಾಜರ ಹೆಸರಲ್ಲ. ಲಾಡ್ ಖಾನ್ ಎಂಬುವರು ಕೆಲಕಾಲ ಆ ಗುಡಿಯನ್ನೇ ಮನೆ ಮಾಡಿಕೊಂಡಿದ್ದರು, ಅದೇ ಹೆಸರು ಉಳಿಯಿತು. ದುರ್ಗದ ಗುಡಿ ಅಂದರೆ ದುರ್ಗಾದೇವಿಯ ಗುಡಿಯೆಂದು ಹೊಸಬರು ತಿಳಿಯುತ್ತಾರೆ, ಆದರೆ ಆ ಹೆಸರು ಬಂದದ್ದು ಅಲ್ಲಿದ್ದ ಕೋಟೆಯಿಂದ. ಜನ ಗುಡಿಯೊಳಗೆ ಉಂಡರು, ಮಲಗಿದರು, ದನ ಕಟ್ಟಿದರು. ಹೊಗೆ ಹಿಡಿದಿರಬಹುದು, ಕೆಲವು ಕಲ್ಲು ಮನೆಯ ಗೋಡೆಗೆ ಸೇರಿರಬಹುದು. ಆದರೂ ರಾಜ್ಯಗಳು ಬಂದು ಹೋದ ಇಷ್ಟು ಶತಮಾನ ಈ ಗುಡಿಗಳು ನಿಂತಿವೆ. ಬಾಳುವ ಜನ ಸುತ್ತ ಇದ್ದದ್ದೂ ಅದಕ್ಕೊಂದು ಕಾರಣ ಎಂದು ನಾನು ನಂಬುತ್ತೇನೆ. ಯಾರೂ ಇಲ್ಲದ ಕಡೆ ನಿಧಿಗಳ್ಳರು ಅಗೆಯುತ್ತಾರೆ. ಜನ ಇದ್ದ ಕಡೆ ನಾಯಿ ಬೊಗಳಿದರೂ ಒಬ್ಬರು ಎದ್ದು ಬಂದು ನೋಡುತ್ತಾರೆ.

ಇದಕ್ಕೆ ಸರ್ಕಾರಗಳ ಉತ್ತರ ಹಳೆಯದು: ಊರನ್ನೇ ಬೇರೆ ಕಡೆ ಒಯ್ಯೋಣ. ಐಹೊಳೆ ಸ್ಥಳಾಂತರದ ಮಾತು ಎಷ್ಟು ವರ್ಷದಿಂದ ನಡೆದಿದೆಯೆಂದರೆ ಅದನ್ನು ಕೇಳುತ್ತ ಹುಟ್ಟಿದ ಮಕ್ಕಳೇ ಈಗ ದೊಡ್ಡವರಾಗಿದ್ದಾರೆ. ಪಟ್ಟದಕಲ್ಲಿನಲ್ಲೂ ಇದೇ ಮಾತಿದೆ, ಅಲ್ಲಿ ಹೊಳೆಯ ಭಯವೂ ಸೇರಿದೆ. 2019ರ ಆಗಸ್ಟಿನಲ್ಲಿ ಮಲಪ್ರಭಾ ತುಂಬಿ ಬಂದಾಗ ಗುಡಿಗಳ ಆವರಣಕ್ಕೇ ನೀರು ನುಗ್ಗಿತ್ತು. ಊರವರಲ್ಲಿ ಕೆಲವರು ನಿಜವಾಗಿಯೂ ಹೋಗಲು ಸಿದ್ಧರಿದ್ದಾರೆ, ಅದನ್ನು ಮುಚ್ಚಿಡಬಾರದು. ಒಳ್ಳೆಯ ಜಾಗ, ಒಳ್ಳೆಯ ಮನೆ, ಸರಿಯಾದ ಪರಿಹಾರ ಕೊಟ್ಟರೆ ಈ ತೊಂದರೆ ಸಾಕು ಎನ್ನುವವರಿದ್ದಾರೆ. ಹೋಗುವುದಿಲ್ಲ ಎನ್ನುವವರೂ ಇದ್ದಾರೆ. ಎಲ್ಲರಿಗಿಂತ ಜಾಸ್ತಿ ಕಷ್ಟಪಡುತ್ತಿರುವವರು ನಡುವೆ ಸಿಕ್ಕವರು. ಇಂದು ಹೋಗಬೇಕು, ನಾಳೆ ಹೋಗಬೇಕು ಎಂದು ಮನೆಗೆ ಸುಣ್ಣವನ್ನೂ ಹಚ್ಚದೆ ಕೂತವರು.

ಬಾಗಲಕೋಟೆ ಜಿಲ್ಲೆಯವರಿಗೆ ಊರು ಬಿಡುವುದೆಂದರೆ ಏನೆಂದು ಯಾರೂ ಕಲಿಸಬೇಕಿಲ್ಲ. ಆಲಮಟ್ಟಿ ಹಿನ್ನೀರಿಗೆ ಹಳೆ ಬಾಗಲಕೋಟೆಯ ಓಣಿಗಳು ಹೋದವು, ನವನಗರ ಎದ್ದಿತು. ಮುಳುಗಡೆ ಎಂಬ ಶಬ್ದ ನಮ್ಮಲ್ಲಿ ಮದುವೆ ಮಾತುಕತೆಯಲ್ಲೂ ಬರುತ್ತದೆ, "ಅವರು ಮುಳುಗಡೆಯವರು" ಅಂತ. ಅಣೆಕಟ್ಟಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ವಿಷಯ ಇನ್ನೂ ತಲೆ ಮೇಲೆ ಇದೆ. ಹೊಸ ಊರಲ್ಲಿ ರಸ್ತೆ ಅಗಲ ಇದೆ, ಸಾಲೆ ಇದೆ, ದವಾಖಾನೆ ಇದೆ. ಆದರೆ ಹಳೆ ಪೇಟೆಯಲ್ಲಿ ಒಂದು ಚಿಕ್ಕ ಅಂಗಡಿ ಇಟ್ಟುಕೊಂಡು ಮನೆ ನಡೆಸಿದವನಿಗೆ ಆ ಗಿರಾಕಿ ಮತ್ತೆ ಸಿಗಲಿಲ್ಲ. ನೀರಿಗಾಗಿ ಊರು ಬಿಟ್ಟವರ ನೋವಿಗೆ ಹೊಲಗಳಿಗೆ ನೀರು ಬಂತು ಎಂಬ ಸಮಾಧಾನವಾದರೂ ಇದೆ. ಪ್ರವಾಸಿಗರ ಫೋಟೊದಲ್ಲಿ ಮನೆ ಕಾಣಬಾರದೆಂದು ಊರು ಬಿಡಿಸಿದರೆ ಆ ನೋವಿಗೆ ಏನು ಹೇಳುತ್ತೀರಿ?

ಹಂಪಿಯಲ್ಲಿ ಏನಾಯಿತೆಂದು ನೋಡಿದ್ದೇವೆ. 2011ರ ಜುಲೈನಲ್ಲಿ ವಿರೂಪಾಕ್ಷ ಗುಡಿಯ ಮುಂದಿನ ಬಜಾರಿನ ಮನೆ, ಅಂಗಡಿಗಳನ್ನು ಜೆಸಿಬಿ ತಂದು ಒಡೆದರು. ಸಾಲುಮಂಟಪಗಳನ್ನು ಒತ್ತುವರಿ ಮಾಡಿದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ನೂರಾರು ಕುಟುಂಬಗಳ ಬದುಕು ಒಂದೇ ದಿನದಲ್ಲಿ ಬೀದಿಗೆ ಬಂತು, ಕಡ್ಡಿರಾಂಪುರದಲ್ಲಿ ಜಾಗ ಸಿಗಲು ವರ್ಷಗಳೇ ಹಿಡಿದವು. ಇವತ್ತು ಆ ಬಜಾರು ಶುಚಿಯಾಗಿದೆ. ಸಂಜೆ ಆರಕ್ಕೆ ಅಲ್ಲಿ ನಡೆದರೆ ಮಾತಾಡಿಸಲು ಜನವೇ ಇಲ್ಲ. ವಿಜಯನಗರದ ಕಾಲದಲ್ಲಿ ಅದು ಜನ ಗಿಜಿಗುಡುವ ಪೇಟೆಬೀದಿಯೇ ಆಗಿತ್ತಲ್ಲ, ಅದನ್ನು ಖಾಲಿ ಮಾಡಿ ಉಳಿಸಿದ್ದು ಯಾವ ಪರಂಪರೆಯನ್ನು ಎಂಬ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಈಗ ದುಡ್ಡಿನ ಲೆಕ್ಕಕ್ಕೆ ಬರೋಣ. ಪಟ್ಟದಕಲ್ಲು 1987ರಿಂದ ವಿಶ್ವ ಪರಂಪರೆ ತಾಣ, ಅಲ್ಲಿ ಭಾರತೀಯರಿಗೆ ಟಿಕೆಟ್ 40 ರೂಪಾಯಿ. ಬಾದಾಮಿಯ ಮೇಣಬಸದಿಗೆ, ಅಂದರೆ ಬಂಡೆ ಕೊರೆದು ಮಾಡಿದ ಗುಹಾಲಯಗಳಿಗೆ, 25, ಐಹೊಳೆಯ ದುರ್ಗದ ಗುಡಿ ಆವರಣಕ್ಕೆ 25. ಒಟ್ಟು 90 ರೂಪಾಯಿ. ಹದಿನೈದು ವರ್ಷದೊಳಗಿನ ಮಕ್ಕಳಿಗೆ ಉಚಿತ. ಈ ಟಿಕೆಟ್ ಹಣ ಕೇಂದ್ರದ ಖಜಾನೆಗೆ ಹೋಗುತ್ತದೆ. ಬಂದವರ ಕಸ ಎತ್ತುವವರು ಊರ ಪಂಚಾಯಿತಿಯವರು, ಬಾದಾಮಿಯಲ್ಲಿ ಪುರಸಭೆಯವರು. ಪ್ರವಾಸಿಗರು ಎಷ್ಟು ಹೆಚ್ಚಿದರೆ ಪಂಚಾಯಿತಿಗೆ ಅಷ್ಟು ಕಸ, ಅಷ್ಟು ನೀರಿನ ಖರ್ಚು, ಟಿಕೆಟಿನಿಂದ ಅದಕ್ಕೆ ಪಾಲಿಲ್ಲ. ಹೀಗಿರುವಾಗ ಪಂಚಾಯಿತಿಗೆ ಪ್ರವಾಸಿಗರ ಮೇಲೆ ಯಾಕೆ ಪ್ರೀತಿ ಬರಬೇಕು?

ಇನ್ನು ಪ್ರವಾಸಿಗರ ದಿನಚರಿ. ಹುಬ್ಬಳ್ಳಿಯಿಂದಲೋ ಹೊಸಪೇಟೆಯಿಂದಲೋ ಬೆಳಿಗ್ಗೆ ಹೊರಡುತ್ತಾರೆ. ಬಾದಾಮಿಯಿಂದ ಪಟ್ಟದಕಲ್ಲಿಗೆ 22 ಕಿಲೋಮೀಟರ್, ಅಲ್ಲಿಂದ ಐಹೊಳೆಗೆ ಇನ್ನು ಹದಿಮೂರು, ಹದಿನಾಲ್ಕು. ಮೂರನ್ನೂ ಒಂದೇ ಹಗಲಲ್ಲಿ ಮುಗಿಸುತ್ತಾರೆ. ಊಟ ಬಾದಾಮಿಯ ಒಂದು ಹೋಟೆಲಿನಲ್ಲಿ, ಮಲಗುವುದು ಹಂಪಿಯಲ್ಲಿ. ಐಹೊಳೆಯಲ್ಲಿ ಅವರು ಖರ್ಚು ಮಾಡುವುದು ಎಳನೀರು, ಚಹಾ, ಪಾರ್ಕಿಂಗ್, ಇಷ್ಟೇ. ಐಹೊಳೆಗೆ ಬಂದವರಲ್ಲಿ ಮೇಗುಟಿ ಗುಡ್ಡ ಹತ್ತಿ, 634ರ ರವಿಕೀರ್ತಿಯ ಶಾಸನದ ಮುಂದೆ ಐದು ನಿಮಿಷ ನಿಲ್ಲುವವರು ಎಷ್ಟು ಮಂದಿ? ಇಮ್ಮಡಿ ಪುಲಕೇಶಿ ಹರ್ಷನನ್ನು ತಡೆದು ನಿಲ್ಲಿಸಿದ ಸಂಗತಿ ಆ ಕಲ್ಲಿನ ಮೇಲಿದೆ, ಸಾಲೆಯ ಪುಸ್ತಕದಲ್ಲಿ ಓದಿದ್ದು ಕಣ್ಣೆದುರಿಗೇ ಇದೆ. ಆದರೆ ಡ್ರೈವರ್ ಕೆಳಗೆ ಹಾರ್ನ್ ಹೊಡೆಯುತ್ತಿರುತ್ತಾನೆ. ಜನ ಜಾಸ್ತಿ ಬರಲಿ ಎಂಬ ಗುರಿಯೇ ತಪ್ಪು ಅನ್ನಿಸುವುದು ಇದಕ್ಕೇ. ಬಂದವರು ಹೆಚ್ಚು ಹೊತ್ತು ನಿಲ್ಲಲಿ ಎಂಬುದು ಗುರಿಯಾಗಬೇಕು.

ಈ ಮಾತಿಗೆ ಕಡಲ ತೀರದ ಒಂದು ಊರನ್ನು ಪಕ್ಕಕ್ಕಿಟ್ಟು ನೋಡಬೇಕು, ಮಹಾಬಲಿಪುರಂ. ಅದಕ್ಕೂ ಬಾದಾಮಿಗೂ ಹಳೆಯ ನಂಟು ಇದೆ. ಪಲ್ಲವ ನರಸಿಂಹವರ್ಮ 642ರ ಸುಮಾರಿಗೆ ಬಾದಾಮಿಯನ್ನು, ಅಂದರೆ ಆಗಿನ ವಾತಾಪಿಯನ್ನು, ಗೆದ್ದು ವಾತಾಪಿಕೊಂಡ ಎನ್ನಿಸಿಕೊಂಡ. ಬಾದಾಮಿಯ ಕೆರೆ ಅಗಸ್ತ್ಯ ತೀರ್ಥದ ಬಳಿಯ ಬಂಡೆಯ ಮೇಲೆ ಅವನ ಶಾಸನ ಇದೆ. ಅವನಿಗೆ ಮಾಮಲ್ಲ ಎಂಬ ಬಿರುದು, ಅದರಿಂದಲೇ ಆ ಊರು ಮಾಮಲ್ಲಪುರಂ. ಮುಂದೆ ನಮ್ಮ ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ. ಅಲ್ಲಿಯ ಕೈಲಾಸನಾಥ ಗುಡಿಯ ಸಂಪತ್ತನ್ನು ಕಂಡೂ ದೋಚದೆ ಗುಡಿಗೇ ಬಿಟ್ಟುಕೊಟ್ಟೆ ಎಂದು ಅದೇ ಗುಡಿಯಲ್ಲಿ ಕನ್ನಡದಲ್ಲಿ ಬರೆಸಿದ. ಆ ಗೆಲುವಿನ ನೆನಪಿಗೆ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ವಿರೂಪಾಕ್ಷ ಗುಡಿ ಕಟ್ಟಿಸಿದಳು, ಕಟ್ಟಿದ ಗುಂಡ ಅನಿವಾರಿತಾಚಾರಿಗೆ ತ್ರಿಭುವನಾಚಾರಿ ಎಂಬ ಬಿರುದು ಸಿಕ್ಕಿತು, ಆ ಗೌರವವೂ ಕಲ್ಲಿನ ಮೇಲೆ ದಾಖಲಾಯಿತು. ಕಲ್ಲು ಕೆತ್ತಿದವನ ಹೆಸರು ಗುಡಿಯ ಮೇಲೆ ಇರಬೇಕು ಎಂದು ಅವರಿಗೆ ಅನ್ನಿಸಿತ್ತು, ನೋಡಿ.

ಮಹಾಬಲಿಪುರಂ 1984ರಿಂದ ವಿಶ್ವ ಪರಂಪರೆ ತಾಣ. ಅಲ್ಲಿಯ ತೊಂದರೆ ನಮ್ಮದಕ್ಕಿಂತ ಬೇರೆ ಥರದ್ದು. ತೀರದ ಗುಡಿಗೆ ಉಪ್ಪುಗಾಳಿಯೇ ವೈರಿ. ಕಲ್ಲಿನೊಳಗೆ ಇಳಿದ ಉಪ್ಪನ್ನು ಹೀರಲು ಒದ್ದೆ ಕಾಗದದ ಮುದ್ದೆ ಬಳಿಯುತ್ತಾರೆ, ಅಲೆ ತಡೆಯಲು ಬಂಡೆಗಳನ್ನು ಪೇರಿಸಿದ್ದಾರೆ, ಗಾಳಿ ತಡೆಯಲು ಗಾಳಿಮರ ನೆಟ್ಟಿದ್ದಾರೆ. ಚೆನ್ನೈ ಹತ್ತಿರ ಇರುವುದರಿಂದ ಜನಸಂದಣಿಯೂ ಭಾರಿ. ದಂಡೆಗುಂಟ ರೆಸಾರ್ಟುಗಳು ಬಂದಿವೆ. ಮೀನುಗಾರರ ಕೇರಿ ಮತ್ತು ರೆಸಾರ್ಟಿನವರ ನಡುವೆ ದಂಡೆಯ ಮರಳು ಯಾರದು ಎಂಬ ತಿಕ್ಕಾಟ ಕರಾವಳಿಯ ಎಲ್ಲ ಪ್ರವಾಸಿ ಊರುಗಳ ಹಾಗೆ ಅಲ್ಲೂ ಇದೆ. ಆದರೆ ಒಂದು ವಿಷಯದಲ್ಲಿ ಆ ಊರನ್ನು ನೋಡಿ ಹೊಟ್ಟೆಯುರಿ ಬರುತ್ತದೆ. ಊರ ಬೀದಿಗಳಲ್ಲಿ ಇವತ್ತೂ ಉಳಿಯ ಸದ್ದು ಕೇಳುತ್ತದೆ. 1957ರಲ್ಲಿ ಶುರುವಾದ ಶಿಲ್ಪಕಲೆಯ ಸರ್ಕಾರಿ ತರಬೇತಿ ಇಂದು ಕಾಲೇಜಾಗಿದೆ. ಅಲ್ಲಿಯ ಕಲ್ಲಿನ ಶಿಲ್ಪಕ್ಕೆ ಜಿಐ ಟ್ಯಾಗ್, ಅಂದರೆ ಇದು ಈ ಊರಿನದೇ ಎಂಬ ಅಧಿಕೃತ ಗುರುತು, ಇದೆ. ದೇಶ ವಿದೇಶದ ಗುಡಿಗಳಿಗೆ ಮೂರ್ತಿಗಳು ಅಲ್ಲಿಂದ ಹೋಗುತ್ತವೆ. ಸ್ಮಾರಕ ನೋಡಿದ ಪ್ರವಾಸಿಗ ಹೊರಗೆ ಬಂದ ಕೂಡಲೇ ಅದೇ ವಿದ್ಯೆ ಜೀವಂತ ಇರುವುದನ್ನು ಕಾಣುತ್ತಾನೆ, ಅಂಗೈ ಅಗಲದ ಒಂದು ಗಣಪತಿಯನ್ನಾದರೂ ಕೊಂಡು ಹೋಗುತ್ತಾನೆ. ಆ ದುಡ್ಡು ಊರಲ್ಲೇ ಉಳಿಯುತ್ತದೆ.

ಬಾದಾಮಿಯಲ್ಲಿ ಇದೇ ಥರ ಏನಿಲ್ಲವೇ? ಇದೆ. ಬಾದಾಮಿಯಿಂದ ಸ್ವಲ್ಪ ದೂರದಲ್ಲಿ ಗುಳೇದಗುಡ್ಡ, ಅಲ್ಲಿ ಕುಪ್ಪಸದ ಖಣ ನೇಯುವವರಿದ್ದಾರೆ. ಐಹೊಳೆಯಿಂದ ಇನ್ನೂ ಸ್ವಲ್ಪ ಹೋದರೆ ಇಳಕಲ್, ಸೀರೆಯ ಊರು. ಮೇಣಬಸದಿ ನೋಡಿ ಬಂದವರಿಗೆ ಮಗ್ಗದ ಮನೆ ತೋರಿಸುವವರು ಯಾರು? ಆಟೊದವರಿಗೆ, ಟಂಟಂನವರಿಗೆ ದಾರಿ ಗೊತ್ತು. ಆದರೆ ಪ್ರವಾಸದ ನಕ್ಷೆಯಲ್ಲಿ ಅದಿಲ್ಲ.

2015ರ ಜನವರಿಯಲ್ಲಿ ಕೇಂದ್ರದ ಹೃದಯ್ ಯೋಜನೆ ಬಂದಾಗ ದೇಶದ 12 ಪಾರಂಪರಿಕ ನಗರಗಳಲ್ಲಿ ಬಾದಾಮಿಯೂ ಒಂದು. ಪುರಿ, ದ್ವಾರಕೆ, ವೇಲಾಂಕಣಿಯಂಥ ಕಡಲ ತೀರದ ಊರುಗಳ ಸಾಲಿನಲ್ಲಿ ನಮ್ಮ ಬಾದಾಮಿ. 2019ರ ಮಾರ್ಚಿಗೆ ಆ ಯೋಜನೆ ಮುಗಿಯಿತು. ಯೋಜನೆ ಬಂದರೆ ರಸ್ತೆ ಆಗುತ್ತದೆ, ದೀಪ ಆಗುತ್ತದೆ. ಅದು ಬೇಕು. ಆದರೆ ಯೋಜನೆಗೆ ಮುಗಿಯುವ ದಿನ ಇರುತ್ತದೆ, ಊರಿಗೆ ಇರುವುದಿಲ್ಲ. ಹಾಕಿದ ದೀಪ ಕೆಟ್ಟ ಮೇಲೆ ಅದನ್ನು ರಿಪೇರಿ ಮಾಡಲು ಪುರಸಭೆಗೆ ಹಣ ಎಲ್ಲಿಂದ ಬರಬೇಕು ಎಂಬುದನ್ನು ಮೊದಲೇ ಕೂತು ಯೋಚಿಸಬೇಕಿತ್ತು.

ಜನ ಬಂದರೆ ಊರಿಗೆ ಒಳ್ಳೆಯದಾಗುವ ದಾರಿ ಹೇಗಿರುತ್ತದೆ ಎನ್ನಲು ದೂರ ಹೋಗಬೇಕಿಲ್ಲ. ಬಾದಾಮಿಯಿಂದ ಐದು ಕಿಲೋಮೀಟರ್, ಬನಶಂಕರಿ. ಬನದ ಹುಣ್ಣಿಮೆಗೆ ತೇರು. ಜಾತ್ರೆ ಒಂದು ದಿನದ್ದಲ್ಲ, ವಾರಗಟ್ಟಲೆ ನಡೆಯುತ್ತದೆ. ನಾಟಕ ಕಂಪನಿಗಳು ಬಂದು ಟೆಂಟ್ ಹಾಕುತ್ತವೆ, ರಾತ್ರಿಯಿಡೀ ಆಟ. ಬಾಗಿಲು, ಚೌಕಟ್ಟು ಕೊಳ್ಳಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಜಾತ್ರೆ ಇಲ್ಲದ ದಿನವೂ ಗುಡಿಯ ಬಳಿ ಬುಟ್ಟಿ ಇಟ್ಟುಕೊಂಡು ಕೂತ ಹೆಣ್ಣುಮಕ್ಕಳು ಜೋಳದ ರೊಟ್ಟಿ, ಪಲ್ಲೆ, ಕೆಂಪು ಚಟ್ನಿ, ಗಟ್ಟಿ ಮೊಸರು ಬಡಿಸುತ್ತಾರೆ. ಅವರಿಗೆ ಯಾವ ಇಲಾಖೆಯೂ ಮಾರ್ಕೆಟಿಂಗ್ ಮಾಡಿಲ್ಲ. ಮನೆಯಲ್ಲಿ ಬಡಿದ ರೊಟ್ಟಿ, ತಮ್ಮದೇ ರುಚಿ, ತಮ್ಮದೇ ಗಿರಾಕಿ. ಆ ರೊಟ್ಟಿಯ ದುಡ್ಡು ಸಂಜೆ ನೇರ ಮನೆಗೆ ಹೋಗುತ್ತದೆ. ಪ್ರವಾಸೋದ್ಯಮ ಎಂದು ಯಾರೂ ಅದನ್ನು ಕರೆಯುವುದಿಲ್ಲ, ಆದರೆ ನಮ್ಮ ಕಡೆ ನಿಜವಾಗಿ ಕೆಲಸ ಮಾಡುತ್ತಿರುವ ಪ್ರವಾಸೋದ್ಯಮ ಅದೊಂದೇ ಅನ್ನಿಸುತ್ತದೆ ನನಗೆ. ಪಟ್ಟದಕಲ್ಲಿನಲ್ಲಿ, ಐಹೊಳೆಯಲ್ಲಿ ಇಂಥ ಹತ್ತು ಬುಟ್ಟಿಗಳಿಗೆ ನೆರಳು, ನೀರು ಕೊಟ್ಟರೆ ಸಾಕು. ದೊಡ್ಡ ಫುಡ್ ಕೋರ್ಟ್ ಬೇಡ.

ಹಾಗಂತ ಊರವರಿಗೆ ಲಾಭ ಆಗುತ್ತದೆಂದು ಕಲ್ಲನ್ನು ಬಿಟ್ಟುಕೊಡುವ ಮಾತು ನಾನು ಆಡುತ್ತಿಲ್ಲ. ಬಾದಾಮಿಯ ಕಲ್ಲು ಮರಳುಗಲ್ಲು. ನೋಡಲು ಕೆಂಪಗೆ ಗಟ್ಟಿಯಾಗಿ ಕಂಡರೂ ಕೈ ಸವರಿ ಸವರಿ ಸವೆಯುತ್ತದೆ. ಮೊದಲ ಬಸದಿಯ ಹದಿನೆಂಟು ಕೈಗಳ ನಟರಾಜನ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುವವರಲ್ಲಿ ಅನೇಕರು ಅವನ ಕಾಲಿಗೋ ಕೈಗೋ ಆತುಕೊಂಡೇ ನಿಲ್ಲುತ್ತಾರೆ. ಮೂರನೆಯ ಬಸದಿ ಚಾಲುಕ್ಯ ಮಂಗಳೇಶ ಮಾಡಿಸಿದ್ದು, ಅಲ್ಲಿಯ ಶಾಸನ 578ರದ್ದು. ಅದರ ಮಾಡಿನಲ್ಲಿ ಅಷ್ಟಿಷ್ಟು ಬಣ್ಣದ ಚಿತ್ರ ಉಳಿದಿದೆ. ಎಷ್ಟು ಮಾಸಿದೆಯೆಂದರೆ ತೋರಿಸಿಕೊಡದಿದ್ದರೆ ಕಾಣುವುದೇ ಇಲ್ಲ. ಡಿಸೆಂಬರ್ ತಿಂಗಳಲ್ಲಿ ಸಾಲೆಯ ಪ್ರವಾಸದ ಬಸ್ಸುಗಳು ಒಟ್ಟಿಗೆ ಬಂದು ನಿಂತಾಗ ಆ ಮೆಟ್ಟಿಲುಗಳ ಮೇಲೆ ಕಾಲಿಡಲು ಜಾಗ ಇರುವುದಿಲ್ಲ. ಮಕ್ಕಳು ಬರಲೇಬೇಕು, ನಾನೂ ಹಾಗೇ ನೋಡಿದವನು. ಆದರೆ ಒಂದು ಹೊತ್ತಿಗೆ ಒಂದು ಬಸದಿಯೊಳಗೆ ಎಷ್ಟು ಜನ ಎಂಬ ಮಿತಿ ಹಾಕಲು ಏನು ಅಡ್ಡಿ? ಹತ್ತು ನಿಮಿಷ ಕೆಳಗೆ ಕಾದು ನಿಂತರೆ ಯಾರಿಗೂ ನಷ್ಟವಿಲ್ಲ.

ಹೊಂಡದ ವಿಷಯ ಇನ್ನೂ ಸೂಕ್ಷ್ಮ. ಅಗಸ್ತ್ಯ ತೀರ್ಥದ ಮೆಟ್ಟಿಲ ಮೇಲೆ ಹೆಣ್ಣುಮಕ್ಕಳು ಬಟ್ಟೆ ಒಗೆಯುತ್ತಾರೆ. ಸೋಪಿನ ನೀರು ಕೆರೆಗೆ ಹೋಗುತ್ತದೆ, ಭೂತನಾಥ ಗುಡಿಯ ನೆರಳು ಬೀಳುವ ನೀರಿಗೆ. ಹೊರಗಿನವರು ಇದನ್ನು ನೋಡಿ ಮೂಗು ಮುರಿಯುತ್ತಾರೆ, ಕೆಲವರು ಅದನ್ನೇ ಚಂದದ ಫೋಟೊ ಮಾಡಿಕೊಳ್ಳುತ್ತಾರೆ. ಎರಡೂ ನನಗೆ ಸರಿ ಕಾಣುವುದಿಲ್ಲ. ಮನೆಗೆ ದಿನಾ ನಳದ ನೀರು ಬಂದರೆ ಯಾವ ತಾಯಿ ಬುಟ್ಟಿ ಹೊತ್ತು ಅಷ್ಟು ದೂರ ಬರುತ್ತಾಳೆ? ಪಕ್ಕದಲ್ಲೇ ಒಗೆಯುವ ಕಟ್ಟೆ ಕಟ್ಟಿ, ಕೊಳೆ ನೀರು ಬೇರೆ ಕಡೆ ಹೋಗುವಂತೆ ಮಾಡಿದರೆ ಕೆರೆಯೂ ಉಳಿಯುತ್ತದೆ, ಅವರ ಮಾತುಕತೆಯ ಜಾಗವೂ ಉಳಿಯುತ್ತದೆ. ಒಗೆಯಬೇಡಿ ಎಂಬ ಬೋರ್ಡ್ ಹಾಕುವುದು ಸುಲಭ, ಆದರೆ ಬೋರ್ಡಿನಿಂದ ಮೈಲಿಗೆ ಬಟ್ಟೆ ಶುಚಿಯಾಗುವುದಿಲ್ಲ.

ವಿಜಯಪುರದ ಕಥೆ ಇನ್ನೊಂದು ಥರ. ಅಲ್ಲಿ ಇಡೀ ನಗರವೇ ಸ್ಮಾರಕಗಳ ನಡುವೆ ಬೆಳೆದಿದೆ. ಬ್ರಿಟಿಷರು 1880ರ ದಶಕದಲ್ಲಿ ಜಿಲ್ಲಾ ಕೇಂದ್ರವನ್ನು ಕಲಾದಗಿಯಿಂದ ಅಲ್ಲಿಗೆ ಒಯ್ದಾಗ ಆದಿಲಶಾಹಿ ಕಟ್ಟಡಗಳನ್ನೇ ಕಚೇರಿ ಮಾಡಿಕೊಂಡರು. ಗೋಳಗುಮ್ಮಟದ ಮುಂದಿನ ನಗಾರಖಾನೆ 1892ರಲ್ಲಿ ವಸ್ತುಸಂಗ್ರಹಾಲಯ ಆಯಿತು. ಬಳಸಿದ್ದರಿಂದ ಕೆಲವು ಕಟ್ಟಡ ಉಳಿದವು ಎಂಬುದು ನಿಜ. ಇಂದಿನ ತೊಂದರೆ ಏನೆಂದರೆ ಪ್ರವಾಸಿಗರೆಲ್ಲ ಗೋಳಗುಮ್ಮಟ ಒಂದಕ್ಕೇ ಬೀಳುತ್ತಾರೆ. ಮೇಲಿನ ಗ್ಯಾಲರಿಯಲ್ಲಿ ಪಿಸುಮಾತು ಎದುರುಗಡೆಯ ಗೋಡೆಗೆ ಕೇಳುವ ಅದ್ಭುತ ಇದೆ, ಆದರೆ ಎಲ್ಲರೂ ಒಟ್ಟಿಗೆ ಕಿರುಚುವುದರಿಂದ ಆ ಪಿಸುಮಾತು ಯಾರಿಗೂ ಕೇಳುವುದಿಲ್ಲ. ಇಬ್ರಾಹಿಂ ರೋಜಾಕ್ಕೆ ಸ್ವಲ್ಪ ಜನ. 1620ರ ತಾಜ್ ಬಾವಡಿ, ಜೋಡ ಗುಮ್ಮಟ, ಊರ ಓಣಿಗಳಲ್ಲಿರುವ ಚಿಕ್ಕಪುಟ್ಟ ಗುಮ್ಮಟಗಳ ಕಡೆ ತಲೆ ಹಾಕುವವರು ಕಡಿಮೆ. ಟಾಂಗಾದವರು ಅಲ್ಲಿ ಇನ್ನೂ ಇದ್ದಾರೆ. ಅರ್ಧ ದಿನದ ಟಾಂಗಾ ಸುತ್ತು ಎಂದು ಒಂದು ದರ ಗೊತ್ತು ಮಾಡಿ, ಗುಮ್ಮಟದ ಗೇಟಿನಲ್ಲೇ ಬೋರ್ಡ್ ಹಾಕಿದರೆ ಕುದುರೆಗೂ ಮೇವು, ಜನಸಂದಣಿಯೂ ಹರಡುತ್ತದೆ.

ಬೆಳಗಾವಿ ಕಡೆ ನೋಡಿದರೆ ಇದಕ್ಕೆ ಉಲ್ಟಾ. ಕಿತ್ತೂರಿಗೆ ಉತ್ಸವದ ಮೂರು ದಿನ ಜನಸಾಗರ, ಉಳಿದ ದಿನ ಕೋಟೆಯ ಗೋಡೆಗಳಿಗೆ ಗಾಳಿಯೇ ಜೊತೆ. ಕದಂಬರ ಹಲಸಿಗೆ, ದೇಗಾಂವಿಯ ಕಮಲನಾರಾಯಣ ಗುಡಿಗೆ ಹೋಗುವವರು ತಿಳಿದವರು ಮಾತ್ರ. ಒಂದು ಕಡೆ ಬಸದಿ ಮೆಟ್ಟಿಲ ಮೇಲೆ ನೂಕುನುಗ್ಗಲು, ಇನ್ನೊಂದು ಕಡೆ ಅಂಥದೇ ಹಳೆಯ ಗುಡಿಯಲ್ಲಿ ದಿನಕ್ಕೆ ಹತ್ತು ಮಂದಿ ಇಲ್ಲ.

ಹಾಗಾದರೆ ಏನು ಮಾಡಬೇಕು ಅಂತ ಕೇಳುತ್ತೀರಿ. ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಮೊದಲು ಆಗಬೇಕಾದದ್ದು ದುರಸ್ತಿಯನ್ನೂ ಹೊಸ ಕಟ್ಟಡವನ್ನೂ ಬೇರೆ ಬೇರೆ ತಕ್ಕಡಿಯಲ್ಲಿ ತೂಗುವುದು. ಹಳೆಯ ಮನೆ, ಹಳೆಯ ಎತ್ತರ, ಅದೇ ಕಲ್ಲು ಮಣ್ಣು ತೊಲೆ ಬಳಸಿ ದುರಸ್ತಿ ಮಾಡುತ್ತೇನೆ ಎಂದವರಿಗೆ ಊರಲ್ಲೇ, ಪಂಚಾಯಿತಿ ಕಟ್ಟೆಯ ಮೇಲೆ ತಿಂಗಳಿಗೊಮ್ಮೆ ಕೂತು ಪರವಾನಗಿ ಕೊಡಬಹುದು. 2010ರ ತಿದ್ದುಪಡಿಯಲ್ಲೇ ಪ್ರತಿ ಸ್ಮಾರಕಕ್ಕೂ ಅದಕ್ಕೆ ಹೊಂದುವ ಉಪನಿಯಮ ಮಾಡಬೇಕೆಂದಿದೆ. ಐಹೊಳೆಗೆ ಐಹೊಳೆಯ ಅಳತೆ, ಗೋಳಗುಮ್ಮಟಕ್ಕೆ ಗೋಳಗುಮ್ಮಟದ ಅಳತೆ ಆಗಬೇಕು. ಆ ಉಪನಿಯಮ ಬರೆಯುವಾಗ ಊರವರನ್ನು ಕೂರಿಸಿಕೊಂಡು, ಕನ್ನಡದಲ್ಲಿ ಓದಿ ಹೇಳಿ, ಅವರ ತಕರಾರು ಕೇಳಬೇಕು. ಹಳೆಯ ಮಾಳಿಗೆ ಮನೆಯನ್ನು ಹಾಗೇ ಕಾಪಾಡಿಕೊಂಡವರಿಗೆ ಸ್ವಲ್ಪ ಸಹಾಯಧನ ಕೊಟ್ಟರೆ ಇನ್ನೂ ಒಳ್ಳೆಯದು, ಆ ಮನೆಗಳೂ ಪರಂಪರೆಯೇ ಅಲ್ವಾ?

ಎರಡನೆಯದು ಟಿಕೆಟ್. ನಲವತ್ತರಲ್ಲಿ ಐದು ರೂಪಾಯಿಯಾದರೂ ಆ ಊರ ಪಂಚಾಯಿತಿಗೆ ಬರಲಿ, ಶೌಚಾಲಯ ಮತ್ತು ಕಸದ ಕೆಲಸಕ್ಕೆಂದೇ ಬರಲಿ. ಐದು ರೂಪಾಯಿ ದೊಡ್ಡ ಮೊತ್ತವಲ್ಲ. ಆದರೆ ಗುಡಿಗೆ ಜನ ಬಂದರೆ ನಮ್ಮ ಊರಿಗೂ ಬರುತ್ತದೆ ಎಂಬ ನಂಬಿಕೆ ಅದರಿಂದ ಶುರುವಾಗುತ್ತದೆ. ಕಾವಲಿಗೆ, ಗೈಡ್ ಕೆಲಸಕ್ಕೆ, ಸ್ವಚ್ಛತೆಗೆ ಮೊದಲು ಪಕ್ಕದ ಮನೆಯ ಹುಡುಗ ಹುಡುಗಿಯರನ್ನೇ ತೆಗೆದುಕೊಳ್ಳಲಿ. ಒಂದು ರಾತ್ರಿ ತಂಗುವವರಿಗೆ ಊರೊಳಗೇ ಎರಡು ಕೋಣೆ ಕೊಡಲು ಅವಕಾಶ ಇರಲಿ, ಹೊಸ ರೆಸಾರ್ಟ್ ಗುಡ್ಡದಾಚೆ ಇರಲಿ.

ಸ್ಥಳಾಂತರದ ಬಗ್ಗೆ ನನಗೆ ಒಂದೇ ಆಸೆ. ಆಗುತ್ತದೋ ಇಲ್ಲವೋ ಎಂಬುದನ್ನು ಮನೆ ಮನೆಗೂ ಬರಹದಲ್ಲಿ ತಿಳಿಸಲಿ. ಹೋಗುವವರಿಗೆ ಹೊಸ ಮನೆ ಎದ್ದು ನಿಂತ ಮೇಲೆಯೇ ಹಳೆಯದನ್ನು ಬಿಡಿಸಲಿ. ಇರುವವರನ್ನು ಮರ್ಯಾದೆಯಿಂದ ಇರಗೊಡಲಿ.

ಮೊನ್ನೆ ರವಿವಾರ ಮತ್ತೆ ಚಿಗವ್ವನ ಮನೆಗೆ ಹೋಗಿದ್ದೆ. ಮಾಳಿಗೆ ಮೇಲೆ ನೀಲಿ ತಾಡಪತ್ರಿ ಹೊದಿಸಿ ನಾಲ್ಕು ಮೂಲೆಗೂ ಕಲ್ಲು ಇಟ್ಟಿದ್ದಾರೆ. ಅರ್ಜಿಗೆ ಇನ್ನೊಂದು ಫೋಟೊ ಬೇಕಿತ್ತು, ಮನೆ ಮತ್ತು ಗುಡಿ ಎರಡೂ ಒಂದರಲ್ಲೇ ಬರಬೇಕು, ನಡುವಿನ ಅಂತರ ಕಾಣಬೇಕು. ನಾನು ಹಿಂದೆ ಹಿಂದೆ ಸರಿಯುತ್ತ ಬೇಲಿಯವರೆಗೆ ಹೋದೆ. "ಗುಡಿ ಪೂರಾ ಬಂತೇನಪಾ?" ಎಂದು ಅವಳು ಬಾಗಿಲಲ್ಲಿ ನಿಂತು ಕೇಳಿದಳು. ಬಂತು ಅಂದೆ. ಹಿತ್ತಿಲಲ್ಲಿ ಗೋಡೆಗೆ ಒರಗಿಸಿ ಬೇವಿನ ತೊಲೆ ಇಟ್ಟಿದ್ದಾರೆ. ಕೊಯ್ಸಿ ತಂದು ಹತ್ತು ತಿಂಗಳಾಯಿತು, ಚೆನ್ನಾಗಿ ಒಣಗಿದೆ.